ವಿಶೇಷವಿಲ್ಲದ ದಿನಕ್ಕೂ ಒಂದು ಫೋಟೊ

ಉಡುಪಿ ಜಿಲ್ಲೆಯಲ್ಲಿ ಫೋಟೊ ತೆಗೆಯುವುದಕ್ಕೂ ಒಂದು ಪಂಚಾಂಗವಿದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವಾಗ ಕ್ಯಾಮೆರಾಗಳೂ ಹೊರಬೀಳುತ್ತವೆ. ಕೃಷ್ಣಮಠದ ಲಕ್ಷದೀಪ, ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿಗೆ ಜೋಡುಕಟ್ಟೆಯಿಂದ ಹೊರಡುವ ಪರ್ಯಾಯದ ಮೆರವಣಿಗೆ, ಅದೇ ತಿಂಗಳಲ್ಲಿ ಕಾರ್ಕಳದ ಅತ್ತೂರು ಜಾತ್ರೆ, ಬೇಸಗೆ ಕಾಲಿಡುವಾಗ ಕಾಪುವಿನ ಸುಗ್ಗಿ ಮಾರಿಪೂಜೆ, ನಡುನಡುವೆ ಊರೂರಿನ ನೇಮ, ರಥೋತ್ಸವ. ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24–25ರ ಸುಮಾರಿಗೆ, ಪತ್ತನಾಜೆ ಬಂದಾಗ ವೇಷಧಾರಿಗಳು ಗೆಜ್ಜೆ ಬಿಚ್ಚುತ್ತಾರೆ. ಕ್ಯಾಮೆರಾಗಳೂ ಕಪಾಟು ಸೇರುತ್ತವೆ. ಆಮೇಲೆ ಅಷ್ಟಮಿ–ವಿಟ್ಲಪಿಂಡಿಯ ಎರಡು ದಿನ, ನವರಾತ್ರಿಯ ಹುಲಿವೇಷ, ನೆರೆ ಬಂದರೆ ನೆರೆ. ಉಳಿದಂತೆ ವರ್ಷದ ಅರ್ಧ ಭಾಗಕ್ಕೆ, ಮಿಕ್ಕರ್ಧದಲ್ಲೂ ಹಬ್ಬವಿಲ್ಲದ ದಿನಗಳಿಗೆ, ನಮ್ಮಲ್ಲಿ ಚಿತ್ರವೇ ಇಲ್ಲ ಎನ್ನಬೇಕು. ವರ್ಷವಿಡೀ, ಏನೂ ನಡೆಯದ ದಿನಗಳಲ್ಲೂ, ಗೊತ್ತಾದ ಒಂದೆರಡು ಜಾಗಗಳನ್ನು ಮತ್ತೆ ಮತ್ತೆ ಫೋಟೊ ತೆಗೆಯುವ ಹವ್ಯಾಸ ಈ ಕೊರತೆಯನ್ನು ತುಂಬಬಲ್ಲದು. ಕರಾವಳಿಯಲ್ಲಿ ನಮ್ಮ ಕಣ್ಣೆದುರಿಗೇ ನಡೆಯುತ್ತಿರುವ ಬದಲಾವಣೆಗಳಿಗೆ ಸಾಕ್ಷಿ ಸಿಗುವುದಿದ್ದರೆ ಅದು ಸಿಗುವುದು ಈ ಮಾಮೂಲಿ ಫೋಟೊಗಳಿಂದಲೇ ಎಂಬುದು ನನ್ನ ವಾದ.

ಕಾಪುವಿನ ದೀಪಸ್ತಂಭವನ್ನೇ ನೋಡಿ. 1901ರಲ್ಲಿ ಬ್ರಿಟಿಷರು ಕಡಲಂಚಿನ ಬಂಡೆಯ ಮೇಲೆ ಕಟ್ಟಿಸಿದ ಈ ದೀಪಸ್ತಂಭದ ಫೋಟೊ ಇಲ್ಲದ ಫೋನ್ ಈ ಭಾಗದಲ್ಲಿ ಅಪರೂಪ. ಆದರೆ ಆ ಫೋಟೊಗಳಲ್ಲಿ ಹೆಚ್ಚಿನವು ಮಳೆಯಿಲ್ಲದ ತಿಂಗಳ ಸಂಜೆಯವು, ಸೂರ್ಯ ಮುಳುಗುವ ಕಡೆಗೆ ಮುಖ ಮಾಡಿದವು. ಬಂಡೆಯ ಬುಡದ ಮರಳಿನ ಕಡೆಗೆ ಕ್ಯಾಮೆರಾ ತಿರುಗಿಸುವವರು ಕಡಿಮೆ. ಮುಂಗಾರಿನ ದೊಡ್ಡ ತೆರೆಗಳು ದಂಡೆಯ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡಿ ಇಡುತ್ತವೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ಇಷ್ಟಿಷ್ಟಾಗಿ ದಂಡೆಗೆ ತಂದು ಹಾಕುತ್ತವೆ. ಹೀಗಾಗಿ ಜುಲೈಯಲ್ಲಿ ತೆಗೆದ ಫೋಟೊ ನೋಡಿದವರಿಗೆ ಕಡಲು ದಂಡೆಯನ್ನೇ ನುಂಗಿದೆ ಅನಿಸುತ್ತದೆ. ಫೆಬ್ರವರಿಯ ಫೋಟೊ ನೋಡಿದವರು ಏನೂ ಆಗಿಲ್ಲ ಎನ್ನುತ್ತಾರೆ. ಎರಡೂ ಫೋಟೊ ಸತ್ಯವೇ, ಆದರೆ ಯಾವುದನ್ನೂ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಹೋದ ಮರಳು ಪೂರ್ತಿ ಮರಳಿ ಬಂತೇ, ಈ ಫೆಬ್ರವರಿಯ ದಂಡೆ ಹೋದ ಫೆಬ್ರವರಿಯಷ್ಟೇ ಅಗಲವಿದೆಯೇ ಎಂದು ತಿಳಿಯಬೇಕಾದರೆ ನಡುವಿನ ಎಲ್ಲ ತಿಂಗಳ ಚಿತ್ರ ಬೇಕು. ಒಂದು ದಿನದ ಬಿ.ಪಿ. ನೋಡಿ ಯಾವ ವೈದ್ಯರೂ ವರ್ಷಗಟ್ಟಲೆ ಮಾತ್ರೆ ಬರೆಯುವುದಿಲ್ಲ, ಕೆಲವು ದಿನ ಅಳೆದು ಬರೆದುಕೊಂಡು ಬನ್ನಿ ಎನ್ನುತ್ತಾರೆ. ದಂಡೆಯ ಕಾಯಿಲೆಗೂ ಅದೇ ಕ್ರಮ ಸರಿ.

ಕಾಪು, ಉಚ್ಚಿಲ, ಪಡುಬಿದ್ರಿ, ಮಲ್ಪೆಯ ಪಡುಕೆರೆ ಇಲ್ಲೆಲ್ಲ ಕಡಲ್ಕೊರೆತ ಮಳೆಗಾಲದ ಮಾಮೂಲು ಸುದ್ದಿ. ತೆಂಗಿನ ಮರ ಬೀಳುತ್ತದೆ, ಲಾರಿಗಳಲ್ಲಿ ಕಲ್ಲು ಬರುತ್ತದೆ, ತಡೆಗೋಡೆ ಏಳುತ್ತದೆ. ಮೊದಲು ದಂಡೆ ಎಲ್ಲಿಯವರೆಗೆ ಇತ್ತು ಎಂದು ಕೇಳಿದರೆ ಹಿರಿಯರು ಕೈಚಾಚಿ ಕಡಲೊಳಗೆ ತೋರಿಸುತ್ತಾರೆ. ಅವರ ನೆನಪನ್ನು ನಾನು ಅನುಮಾನಿಸುವುದಿಲ್ಲ. ಆದರೆ ಕಚೇರಿಯ ಮೇಜಿನ ಮೇಲೆ ನೆನಪು ದಾಖಲೆ ಆಗುವುದಿಲ್ಲ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆ ಆರಂಭವಾಯಿತು. ಕಡಲು ಕಾಣುವ ಜಾಗದಲ್ಲಿ ಫೋನ್ ಇಡಲು ಒಂದು ಲೋಹದ ಚೌಕಟ್ಟು ನೆಟ್ಟರು. ದಾರಿಹೋಕರು ಅದರಲ್ಲಿ ಫೋನ್ ಇಟ್ಟು ಫೋಟೊ ತೆಗೆದು ಕಳುಹಿಸುತ್ತಾರೆ. ಕೋನ ಒಂದೇ ಆಗಿರುವುದರಿಂದ ತೆಗೆದ ಹೊತ್ತು, ಆಗಿನ ಉಬ್ಬರವಿಳಿತವನ್ನು ಲೆಕ್ಕಕ್ಕೆ ಹಿಡಿದು ವಿಜ್ಞಾನಿಗಳು ದಂಡೆ ಎಷ್ಟು ಹಿಂದೆ ಸರಿಯಿತು, ಎಷ್ಟು ಮುಂದೆ ಬಂತು ಎಂದು ಅಳೆಯುತ್ತಾರೆ. ಈಗ ಇದು ಹಲವು ದೇಶಗಳಿಗೆ ಹಬ್ಬಿದೆ. ಕಾಪುವಿನಲ್ಲಿ ಚೌಕಟ್ಟು ನೆಡಲು ಯಾರನ್ನೂ ಕಾಯಬೇಕಾಗಿಲ್ಲ. ಕದಲದ ಬಂಡೆ ಇದೆ, ದೀಪಸ್ತಂಭಕ್ಕೆ ಹತ್ತುವ ಮೆಟ್ಟಿಲಿದೆ. ಅದೇ ಮೆಟ್ಟಿಲಿನಲ್ಲಿ ನಿಂತು, ಅದೇ ಎತ್ತರದಲ್ಲಿ ಫೋನ್ ಹಿಡಿದು, ಹದಿನೈದು ದಿನಕ್ಕೊಮ್ಮೆ ಉತ್ತರಕ್ಕೊಂದು ದಕ್ಷಿಣಕ್ಕೊಂದು ಫೋಟೊ ತೆಗೆದರೆ ವರ್ಷಕ್ಕೆ ಐವತ್ತು ಚಿತ್ರಗಳಾಗುತ್ತವೆ. ಮಳೆಗಾಲದಲ್ಲಿ ಬಂಡೆಯ ಹತ್ತಿರ ಹೋಗುವುದು ಅಪಾಯ, ಆಗ ರಸ್ತೆಬದಿಯ ಇನ್ನೊಂದು ಗುರುತನ್ನು ಇಟ್ಟುಕೊಳ್ಳಬೇಕು. ಹತ್ತು ವರ್ಷದ ಐನೂರು ಚಿತ್ರಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿದರೆ ಯಾವ ಇಲಾಖೆಯೂ ಅದನ್ನು ಕಾಣದವರಂತೆ ಇರಲು ಸಾಧ್ಯವಿಲ್ಲ.

ನೆರೆಯ ವಿಷಯದಲ್ಲೂ ಇದೇ ಮಾತು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ಕಲ್ಸಂಕದಿಂದ ಹಿಡಿದು ಎಲ್ಲೆಡೆಯ ಚಿತ್ರಗಳು ಗಂಟೆಯೊಳಗೆ ಜಗತ್ತಿನಾದ್ಯಂತ ಹರಿದಾಡಿದವು. ಆದರೆ ಇಂದ್ರಾಣಿ ಹೊಳೆಯಲ್ಲಿ ಸಾಧಾರಣ ಜೂನ್ ತಿಂಗಳಲ್ಲಿ ನೀರು ಎಲ್ಲಿಯವರೆಗೆ ಇರುತ್ತದೆ, ಸಾಧಾರಣ ಆಗಸ್ಟ್‌ನಲ್ಲಿ ಎಲ್ಲಿಗೆ ಏರುತ್ತದೆ, ಯಾವ ವರ್ಷ ಯಾವ ದಡಕ್ಕೆ ಮಣ್ಣು ಬಿತ್ತು, ತೋಡು ಎಲ್ಲಿ ಕಿರಿದಾಯಿತು ಎಂಬುದನ್ನು ತೋರಿಸುವ ಚಿತ್ರಗಳನ್ನು ಹುಡುಕಿ ಹೊರಟರೆ ಸಿಗುವುದು ಕಷ್ಟ. ನೆರೆಯ ಫೋಟೊ ನೋಡಿ ಅಯ್ಯೋ ಎನ್ನುತ್ತೇವೆ. ಅದು ಮಳೆಯ ತಪ್ಪೋ ನಾವು ತುಂಬಿಸಿದ ಮಣ್ಣಿನ ತಪ್ಪೋ ಎಂದು ಹೇಳಬೇಕಾದದ್ದು ನೆರೆ ಇಲ್ಲದ ದಿನದ ಫೋಟೊ. ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುವ ನಾಡಿನಲ್ಲಿ ಮಳೆಗಾಲದ ನಿತ್ಯದ ಚಿತ್ರವೇ ಇಲ್ಲವೆಂದರೆ ಅದು ಸಣ್ಣ ಕೊರತೆಯಲ್ಲ.

ಇಂದು ತೆಗೆಯಲು ಯೋಗ್ಯವಲ್ಲ ಅನಿಸಿದ್ದೇ ಮುಂದೆ ಅಮೂಲ್ಯವಾಗುತ್ತದೆ ಎಂಬುದಕ್ಕೆ ಹಳೆಯ ಫೋಟೊಗಳೇ ಪ್ರಮಾಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮುಂದಿನ ದಶಕಗಳಲ್ಲಿ ಈ ಕರಾವಳಿಯಲ್ಲಿ ತೆಗೆದ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಗ್ರಹದಲ್ಲಿವೆ. ಅವರ ಗಮನ ಶಾಲೆ, ಇಗರ್ಜಿ, ಹೆಂಚಿನ ಕಾರ್ಖಾನೆ, ತಮ್ಮ ಜನ ಇವುಗಳ ಮೇಲಿತ್ತು. ನಮ್ಮ ಕಣ್ಣು ಇವತ್ತು ಹುಡುಕುವುದು ಚಿತ್ರದ ಅಂಚನ್ನು: ಹುಲ್ಲಿನ ಮಾಡು, ಅಂಗಳದ ತುದಿಯ ಮರ, ಸೀರೆ ಉಟ್ಟ ಬಗೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೊವೆಲ್ ಊರಿನ ಸ್ಮಶಾನದಲ್ಲಿ 1868ರ ಮೇ 30ರಂದು ಮಡಿದ ಸೈನಿಕರ ಸ್ಮರಣೆಯ ಸಮಾರಂಭದ ಫೋಟೊ ತೆಗೆದರು. ಹಿಂದಿನ ಮರಗಳು ಬರೀ ಬೋಳು. ಅದೇ ಜಾಗದಲ್ಲಿ 2005ರ ಮೇ 30ರಂದು ತೆಗೆದ ಫೋಟೊದಲ್ಲಿ ಮರಗಳ ತುಂಬ ಎಲೆ. ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಇಂಥ ದಿನಾಂಕವುಳ್ಳ ಹಳೆಯ ಚಿತ್ರಗಳನ್ನು ಇತರ ದಾಖಲೆಗಳೊಡನೆ ಜೋಡಿಸಿ, ಆ ಪ್ರದೇಶದಲ್ಲಿ ವಸಂತ ಬೇಗ ಬರುತ್ತಿದೆ ಎಂದು 2006ರಲ್ಲಿ ತೋರಿಸಿಕೊಟ್ಟರು. 1868ರ ಆ ಛಾಯಾಗ್ರಾಹಕನಿಗೆ ಮರ ಮುಖ್ಯವಾಗಿರಲಿಲ್ಲ. ದಿನಾಂಕ, ಸ್ಥಳ ಎರಡೂ ಖಚಿತವಾಗಿದ್ದುದರಿಂದ ಅವನ ಚಿತ್ರ 137 ವರ್ಷ ಕಳೆದ ಮೇಲೆ ಬೇರೆಯದೇ ಕೆಲಸಕ್ಕೆ ಬಂತು. ನಮ್ಮಲ್ಲಿ ವಿಷುವಿನ ಹೊತ್ತಿಗೆ ಅರಳಬೇಕಾದ ಕಕ್ಕೆ, ಮಾವು–ಗೇರಿನ ಹೂ ಇವುಗಳ ಕಾಲ ತಪ್ಪುತ್ತಿದೆ ಎಂದು ಎಲ್ಲರೂ ಹೇಳುತ್ತೇವೆ. ಕೇರಳದಲ್ಲಿ ಸೀಸನ್‌ವಾಚ್ ಯೋಜನೆಯಡಿ ಶಾಲಾ ಮಕ್ಕಳು ಒಂದೊಂದು ಮರವನ್ನು ಗೊತ್ತುಮಾಡಿಕೊಂಡು ವಾರವಾರವೂ ಚಿಗುರು, ಹೂ, ಕಾಯಿ ನೋಡಿ ಬರೆಯುತ್ತಾರೆ. ಮನೆಯೆದುರಿನ ಮಾವಿನ ಮರಕ್ಕೆ ವಾರಕ್ಕೊಂದು ಫೋಟೊ ತೆಗೆಯುವವರು ಮಾಡುವುದೂ ಅದೇ ಕೆಲಸ.

ಮನೆ, ಬೀದಿ, ಗದ್ದೆಗಳ ಕಥೆಯೂ ಹೀಗೆಯೇ ಇದೆ. ಕೆಡವುವ ಮನೆಗಳ ಕಂಬ, ಬಾಗಿಲುಗಳನ್ನು ಕಾಪಾಡಿ, ಕೆಲವು ಮನೆಗಳನ್ನು ಇಡಿಯಾಗಿಯೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದವರು ವಿಜಯನಾಥ ಶೆಣೈ. ಅವರು 2017ರಲ್ಲಿ ತೀರಿಕೊಂಡರು; ಮಿಯಾರು ಮನೆ, ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆಗಳನ್ನು ಇಂದಿಗೂ ಅವರು ಅಲ್ಲಿ ಕಟ್ಟಿದ ಹಸ್ತಶಿಲ್ಪ ಮ್ಯೂಸಿಯಂನ ಆವರಣದಲ್ಲಿ ನೋಡಬಹುದು. ಒಬ್ಬ ಮನುಷ್ಯನ ಹಟದಿಂದ ಇಷ್ಟು ಉಳಿಯಿತು ಎಂಬುದು ಸಣ್ಣ ಮಾತಲ್ಲ. ಆದರೆ ಮರ ಉಳಿದರೂ ಆ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ರೀತಿ, ಮಳೆಗಾಲಕ್ಕೆ ಜಗಲಿಗೆ ಕಟ್ಟುತ್ತಿದ್ದ ಮಡಲಿನ ತಟ್ಟಿ, ಒಲೆಯ ಮೇಲಿನ ಹೊಗೆಯಟ್ಟ ಇವು ಮ್ಯೂಸಿಯಂಗೆ ಬರುವಂಥವಲ್ಲ. ಅವು ಉಳಿಯುವುದು ಫೋಟೊದಲ್ಲಿ, ಅದೂ ಯಾರಾದರೂ ಮಾಮೂಲಿ ಮಂಗಳವಾರವೊಂದರಲ್ಲಿ ತೆಗೆದಿದ್ದರೆ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕಂಡಿದ್ದ ಬೈಲುಗದ್ದೆಗಳು ಒಂದೊಂದಾಗಿ ಹಡಿಲು ಬೀಳುವುದು, ಮಣ್ಣು ತುಂಬಿಸಿಕೊಳ್ಳುವುದು ಯಾವ ದಿನವೂ ಸುದ್ದಿಯಾಗುವುದಿಲ್ಲ, ಏಕೆಂದರೆ ಅದು ಒಂದೇ ದಿನ ಆಗುವುದಿಲ್ಲ. ಶಂಕರಪುರದ ಮಲ್ಲಿಗೆಯ ದರ ಹಬ್ಬದ ಹಿಂದಿನ ದಿನ ಏರಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮೊಗ್ಗು ಅರಳುವ ಮೊದಲೇ ಬೆಳಗ್ಗೆ ಕೊಯ್ದು, ಹೆಂಗಸರು ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ತಲುಪಿಸುವ ದಿನದಿನದ ದುಡಿಮೆಗೆ, ಅಟ್ಟೆಗೆ ಕಾಸು ಹುಟ್ಟದ ದಿನದ ದುಡಿಮೆಗೆ, ಫೋಟೊ ಇಲ್ಲ. ಪತ್ರಿಕೆಯ ಛಾಯಾಗ್ರಾಹಕರನ್ನು ದೂರುವುದು ನ್ಯಾಯವಲ್ಲ. ಸುದ್ದಿಯಾದದ್ದನ್ನು ತೆಗೆಯುವುದು ಅವರ ವೃತ್ತಿ. ಸುದ್ದಿಯಾಗದ್ದು ಹವ್ಯಾಸಿಗಳ ಪಾಲಿನದು.

ಇದನ್ನೆಲ್ಲ ಊರಿನ ಸೇವೆ ಎಂದು ಯಾರೂ ಹೆಗಲಿಗೇರಿಸಿಕೊಳ್ಳಬೇಕಾಗಿಲ್ಲ. ಹವ್ಯಾಸವಾಗಿ ಖುಷಿ ಕೊಡದಿದ್ದರೆ ಇದು ಒಂದು ತಿಂಗಳೂ ನಡೆಯುವುದಿಲ್ಲ. ಖುಷಿ ಇರುವುದು ಕಣ್ಣು ಚುರುಕಾಗುವುದರಲ್ಲಿ. ಮನೆಯ ಮುಂದಿನ ಕೆಂಪುಕಲ್ಲಿನ ಪಾಗಾರದ ಒಂದು ಮೊಳ ಜಾಗವನ್ನು ಆರಿಸಿಕೊಳ್ಳಿ. ಜೂನ್ ಮೊದಲ ವಾರ ನೀರು ಕುಡಿದ ಕಲ್ಲು ಗಾಢ ಕೆಂಪಾಗುತ್ತದೆ. ತಿಂಗಳು ಮುಗಿಯುವಷ್ಟರಲ್ಲಿ ಕಲ್ಲಿನ ತೂತುಗಳಲ್ಲಿ ಮಖಮಲ್ಲಿನಂಥ ಪಾಚಿ. ಆಟಿಯಲ್ಲಿ ಜರಿಗಿಡಗಳು ಎದ್ದು ಕಲ್ಲೇ ಕಾಣದ ಹಸಿರು. ಸೋಣದಲ್ಲಿ ಸಂದುಗಳಿಂದ ಕರ್ಣಕುಂಡಲದ ಹೂ ಇಣುಕುತ್ತದೆ. ದೀಪಾವಳಿ ಕಳೆದರೆ ಪಾಚಿ ಒಣಗಿ ಕಪ್ಪಾಗುತ್ತದೆ, ಮಾರ್ಚ್ ಹೊತ್ತಿಗೆ ಅದು ಹಕ್ಕಳೆಯಾಗಿ ಉದುರಿ ಅದೇ ಜಾಗದಲ್ಲಿ ಧೂಳು ಹಿಡಿದ ಕಲ್ಲು. ಒಂದು ಮೊಳ ಗೋಡೆಯಲ್ಲಿ ಇಷ್ಟು ನಡೆಯುತ್ತದೆ. ಮಣಿಪಾಲದ ಸುತ್ತಲಿನ ಪಾದೆಗಳ ಮೇಲೆ ಮಳೆಗಾಲದಲ್ಲಿ ಅಂಗುಲದೆತ್ತರದ ನೀಲಿ–ಬಿಳಿ ಹೂಗಳು ಅರಳುತ್ತವೆ. ಬೇಸಗೆಯಲ್ಲಿ ಅಲ್ಲಿ ನಿಂತವರಿಗೆ ಇದೇ ಜಾಗವೆಂದರೆ ನಂಬಿಕೆ ಬರುವುದಿಲ್ಲ. ಮೂರ್ನಾಲ್ಕು ವರ್ಷ ಓದಲು ಬಂದು ಎಂಡ್ ಪಾಯಿಂಟಿನ ಸೂರ್ಯಾಸ್ತವನ್ನಷ್ಟೇ ಫೋನಿನಲ್ಲಿ ಒಯ್ಯುವ ವಿದ್ಯಾರ್ಥಿಗಳಿಗೆ ಈ ಪಾದೆಯ ಒಂದು ವರ್ಷದ ಚಿತ್ರ ಊರಿನ ಪರಿಚಯ ಮಾಡಿಕೊಡಬಲ್ಲದು. ಇಂಗ್ಲೆಂಡಿನ ಲಿಜ್ ಬ್ರೂಸ್ಟರ್ ಮತ್ತು ಆಂಡ್ರ್ಯೂ ಕಾಕ್ಸ್ ಎಂಬ ಸಂಶೋಧಕರು ದಿನಕ್ಕೊಂದು ಫೋಟೊ ತೆಗೆಯುವ ಕೆಲವರನ್ನು ಎರಡು ತಿಂಗಳು ಗಮನಿಸಿ 2018ರಲ್ಲಿ ಬರೆದದ್ದೂ ಇದಕ್ಕೆ ಹೊಂದುತ್ತದೆ: ಆ ರೂಢಿ ಅವರನ್ನು ಮನೆಯಿಂದ ಹೊರಗೆ ತಂದಿತು, ಸುತ್ತಲಿನದನ್ನು ನಿಂತು ನೋಡಿಸಿತು, ನಾಲ್ಕು ಜನರೊಡನೆ ಮಾತಿಗೆ ಹಚ್ಚಿತು. ಅಧ್ಯಯನ ಸಣ್ಣದು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೂ ನಿವೃತ್ತರಾಗಿ ಮನೆಯಲ್ಲಿ ಕೂತವರು ಇದನ್ನು ಗಮನಿಸಬೇಕು ಅನಿಸುತ್ತದೆ.

ಎಲ್ಲರೂ ಮೊದಲು ಎತ್ತುವ ಆಕ್ಷೇಪ: ಫೋನುಗಳು ಈಗಲೇ ಫೋಟೊದಿಂದ ತುಂಬಿ ತುಳುಕುತ್ತಿವೆ, ಇನ್ನಷ್ಟು ಏಕೆ? ತುಂಬಿರುವುದು ನಿಜ. ತುಂಬಿರುವುದು ಏನು ಎಂದು ನೋಡಿದರೆ ಒಂದೇ ಮದುವೆಯ ಇನ್ನೂರು ಚಿತ್ರ, ಒಂದೇ ಊಟದ ಹನ್ನೆರಡು ಚಿತ್ರ, ಬೆಳಗಿನ ಶುಭಾಶಯಗಳು. ನಾನು ಹೇಳುತ್ತಿರುವ ಹವ್ಯಾಸ ಈ ರಾಶಿಯನ್ನು ಕಡಿಮೆ ಮಾಡುವಂಥದು. ದಿನಕ್ಕೊಂದೇ ಅಥವಾ ವಾರಕ್ಕೊಂದೇ ಎಂದು ಕಟ್ಟುಹಾಕಿಕೊಂಡವರು ಕ್ಲಿಕ್ಕಿಸುವ ಮೊದಲು ಯೋಚಿಸುತ್ತಾರೆ. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ದಿನಕ್ಕೊಂದು ಪೊಲರಾಯ್ಡ್ ತೆಗೆಯಲು ತೊಡಗಿ, 1997ರ ಅಕ್ಟೋಬರ್ 25ರಂದು, ತನ್ನ 41ನೇ ಹುಟ್ಟುಹಬ್ಬದ ದಿನ ಕ್ಯಾನ್ಸರಿನಿಂದ ಸಾಯುವವರೆಗೂ ನಡೆಸಿಕೊಂಡು ಬಂದರು. ಅದು ದುಬಾರಿ ಫಿಲ್ಮ್‌ನ ಕಾಲ. ಆರು ಸಾವಿರಕ್ಕೂ ಮಿಕ್ಕಿದ ಆ ಚಿತ್ರಗಳಲ್ಲಿ ಹೆಚ್ಚಿನವು ತೀರ ಸಾದಾ: ಗೆಳೆಯರು, ಬೀದಿ, ಊಟದ ಮೇಜು, ಕೊನೆಗೆ ಆಸ್ಪತ್ರೆ. ಬಿಡಿಯಾಗಿ ನೋಡಿದರೆ ಯಾವುದಕ್ಕೂ ಬಹುಮಾನ ಬರುವಂತಿಲ್ಲ. ಒಟ್ಟಾಗಿ ಒಂದು ಬದುಕೇ ಅಲ್ಲಿದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕ್ಯಾಮೆರಾ ಹಿಡಿದವರು ಕಣ್ಣಿನಿಂದ ನೋಡುವುದೇ ಇಲ್ಲ, ಫೋನಿಗೆ ವಹಿಸಿ ಮರೆತುಬಿಡುತ್ತಾರೆ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಮ್ಯೂಸಿಯಂನಲ್ಲಿ ಫೋಟೊ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳು ವಿದ್ಯಾರ್ಥಿಗಳಿಗೆ ಚೆನ್ನಾಗಿ ನೆನಪಿದ್ದವು. ಆದರೆ ಅದೇ ಪ್ರಯೋಗದಲ್ಲಿ, ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು ತೆಗೆದವರ ನೆನಪು ಮಸುಕಾಗಲಿಲ್ಲ ಎಂಬುದನ್ನು ಆಕ್ಷೇಪಿಸುವವರು ಹೇಳುವುದು ಕಡಿಮೆ. ಮನಸ್ಸಿಟ್ಟು ತೆಗೆದರೆ ಕ್ಯಾಮೆರಾ ಅಡ್ಡಿಯಲ್ಲ. ಒಂದೇ ಜಾಗಕ್ಕೆ ನಲವತ್ತನೆಯ ಸಲ ಹೋದವರು ಇಂದು ಹೊಸತೇನು ಎಂದು ಹುಡುಕಲೇಬೇಕಾಗುತ್ತದೆ. ನೋಡದೆ ತೆಗೆಯುವ ದಾರಿಯೇ ಅವರಿಗೆ ಇಲ್ಲ. ಉಪಗ್ರಹ ಎಲ್ಲವನ್ನೂ ನೋಡುತ್ತದಲ್ಲ ಎಂಬ ಮಾತಿಗೂ ಉತ್ತರವಿದೆ. ನಮಗೆ ಚಿತ್ರ ಹೆಚ್ಚು ಬೇಕಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೇಲೆ ಮೋಡ ಮುಚ್ಚಿರುತ್ತದೆ, ಮೋಡವಿಲ್ಲದಾಗಲೂ ಗದ್ದೆಯ ಕಟ್ಟಪುಣಿಯ ಮೇಲೆ ಯಾರು ನಡೆಯುತ್ತಿದ್ದಾರೆ ಎಂದು ಅದಕ್ಕೆ ಕಾಣುವುದಿಲ್ಲ. ಇನ್ನು ಮಳೆಯಲ್ಲಿ ಕ್ಯಾಮೆರಾ ಹಾಳಾಗುತ್ತದೆ, ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ ಎಂಬುದು ಕರಾವಳಿಯವರ ನಿಜವಾದ ತೊಂದರೆ. ಇಲ್ಲಿ ಫೋನ್ ಸಾಕು, ಕೊಡೆಯಡಿ ಸಾಕು, ಕಿಟಕಿಯಿಂದಲೂ ಸಾಕು. ದುಬಾರಿ ಉಪಕರಣ ಈ ಹವ್ಯಾಸಕ್ಕೆ ಬೇಕಾಗಿಯೇ ಇಲ್ಲ.

ಜನರ ಫೋಟೊ ತೆಗೆಯುವ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ಮಲ್ಪೆಯ ಧಕ್ಕೆಯಲ್ಲಿ ಮೀನು ಹರಾಜಿನ ಗಡಿಬಿಡಿಯಲ್ಲಿರುವ ಹೆಂಗಸಿನ ಮುಖಕ್ಕೆ ಫೋನ್ ಚಾಚುವುದು ಹವ್ಯಾಸವಲ್ಲ, ಉಪದ್ರ. ಕೇಳಿ ತೆಗೆಯಬೇಕು, ಬೇಡ ಎಂದರೆ ಬಿಡಬೇಕು, ತೆಗೆದದ್ದನ್ನು ತೋರಿಸಬೇಕು. ಕೋಲ, ನೇಮಗಳ ಚಿತ್ರಗಳು ಎಲ್ಲೆಂದರಲ್ಲಿ ಹರಿದಾಡುವುದಕ್ಕೆ ಎಷ್ಟೋ ಕಡೆ ಆಕ್ಷೇಪ ಬಂದಿದೆ; ಫೋಟೊ ಬೇಡ ಎಂದ ದೈವಸ್ಥಾನದಲ್ಲಿ ಕ್ಯಾಮೆರಾ ಕೆಳಗಿಳಿಸುವುದರಲ್ಲಿ ವಾದಕ್ಕೆ ಎಡೆಯಿಲ್ಲ. ಗುರುತು ಹಿಡಿಯುವಂಥ ಮುಖಗಳಿಲ್ಲದೆಯೂ ಒಂದು ವರ್ಷದ ಕಥೆ ಹೇಳಬಹುದು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಮಲ್ಪೆಯಲ್ಲಿ ಒತ್ತೊತ್ತಾಗಿ ನಿಂತ ಬೋಟುಗಳು, ದುರಸ್ತಿಗೆ ಹರಡಿದ ಬಲೆ, ಖಾಲಿ ಐಸ್ ಪೆಟ್ಟಿಗೆಗಳು ಸಾಕಷ್ಟು ಮಾತಾಡುತ್ತವೆ.

ತೆಗೆದ ಮೇಲಿನ ಕೆಲಸದಲ್ಲಿ ನಾವು ತೀರ ಹಿಂದೆ. ಫೋನ್ ತೆಗೆದ ಮೂಲ ಚಿತ್ರದೊಳಗೆ ದಿನಾಂಕ, ಹೊತ್ತು, ಅನುಮತಿ ಕೊಟ್ಟಿದ್ದರೆ ಸ್ಥಳ ಎಲ್ಲ ಇರುತ್ತದೆ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಆ ಮಾಹಿತಿಯೂ ಹೋಗುತ್ತದೆ. ನಾಲ್ಕು ಗುಂಪು ಸುತ್ತಿ ಬಂದ ಹಳೆಯ ರಥಬೀದಿಯ ಚಿತ್ರ ಯಾವ ವರ್ಷದ್ದು ಎಂದು ಜಗಳವಾಡುವುದು ಇದೇ ಕಾರಣಕ್ಕೆ. ಮೂಲ ಕಡತವನ್ನು ಬೇರೆ ಕಡೆ ನಕಲು ಮಾಡಿಡುವುದು, ತಿಂಗಳಿಗೊಂದಾದರೂ ಪ್ರಿಂಟ್ ಹಾಕಿಸಿ ಹಿಂದೆ ದಿನಾಂಕ ಮತ್ತು ಜಾಗದ ಹೆಸರು ಬರೆಯುವುದು ಹವ್ಯಾಸದ ಅರ್ಧ ಭಾಗ. ಜಾಗದ ಹೆಸರು ಎಂದರೆ ಬರೀ ಕಾಪು ಎಂದಲ್ಲ. ಊರವರು ಆ ಗದ್ದೆಗೆ, ಆ ತೋಡಿಗೆ, ಆ ಕಟ್ಟೆಗೆ ಕರೆಯುವ ತುಳು ಹೆಸರು. ಇವನ್ನು ಇಡಲು ಜಾಗವೂ ಬೇಕು. ಗ್ರಾಮ ಪಂಚಾಯತ್‌ಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಂಪ್ಯೂಟರ್ ಬಂದ ಕಡೆಯೂ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ, ಕಾರ್ಕಳದಲ್ಲಿ ಭುವನೇಂದ್ರ ಕಾಲೇಜಿದೆ. ಊರಿನವರು ತಂದುಕೊಡುವ ದಿನಾಂಕವುಳ್ಳ ಚಿತ್ರಗಳನ್ನು ಸ್ವೀಕರಿಸುತ್ತೇವೆ ಎಂದು ಇಂಥ ಸಂಸ್ಥೆಗಳು ಪ್ರಕಟಿಸಿದರೆ ಖರ್ಚಿಲ್ಲದೆ ಜಿಲ್ಲೆಗೊಂದು ಚಿತ್ರಭಂಡಾರ ಶುರುವಾಗುತ್ತದೆ.

ಶುರುಮಾಡಲು ಕಾರ್ಕಳಕ್ಕೆ ಇದು ಸರಿಯಾದ ಹೊತ್ತು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನಿಗೆ ಕಳೆದ ಮಹಾಮಸ್ತಕಾಭಿಷೇಕ ಆದದ್ದು 2015ರ ಜನವರಿಯಲ್ಲಿ. 12 ವರ್ಷದ ಲೆಕ್ಕದಲ್ಲಿ ಮುಂದಿನದು ದೂರವಿಲ್ಲ. ಆಗ ಮೂರ್ತಿಯ ಲಕ್ಷಾಂತರ ಫೋಟೊಗಳು ಬರುತ್ತವೆ, ಬರಲಿ. ಆದರೆ ಮೂರ್ತಿ ಆರು ಶತಮಾನದಿಂದ ಹಾಗೆಯೇ ನಿಂತಿದೆ. ಬದಲಾಗುತ್ತಿರುವುದು ಅದರ ಕಾಲಬುಡದ ಊರು. ಬೆಟ್ಟದ ಮೇಲೆ ಗೊಮ್ಮಟನಿಗೆ ಬೆನ್ನು ಮಾಡಿ ನಿಂತರೆ 1586ರ ಚತುರ್ಮುಖ ಬಸದಿ, ಪೇಟೆಯ ಮಾಡುಗಳು, ತೋಟ, ಆಚೆ ಘಟ್ಟದ ಸಾಲು ಎಲ್ಲ ಕಾಣುತ್ತದೆ. ಕಾರ್ಕಳದ ನಾಲ್ಕು ಮಂದಿ ಸರದಿಯಂತೆ ವಾರಕ್ಕೊಮ್ಮೆ ಅಲ್ಲಿಂದ ಊರಿನ ಫೋಟೊ ತೆಗೆದು, ದಿನಾಂಕ ಬರೆದು ಗ್ರಂಥಾಲಯಕ್ಕೆ ಕೊಡುತ್ತ ಬಂದರೆ, ಸಿದ್ಧತೆಯ ಹೆಸರಲ್ಲಿ ಯಾವ ರಸ್ತೆ ಅಗಲವಾಯಿತು, ಯಾವ ಮರ ಹೋಯಿತು, ಯಾವ ಹಳೆಯ ಮನೆಯ ಜಾಗದಲ್ಲಿ ಏನು ಎದ್ದಿತು ಎಂದು ಅದರಾಚೆಯ ಮಸ್ತಕಾಭಿಷೇಕಕ್ಕೆ ಯೋಜನೆ ಹಾಕುವವರು ಮೊದಲು ಆ ಕಡತ ತೆಗೆದು ನೋಡಬಹುದು.